ಇರಿಗೇಟ್ (ಕ್ರಿಯಾಪದ)

ಇರಿಗೇಟ್ ಎಂಬುದು ಇಂಗ್ಲಿಷ್ ಭಾಷೆಯ ಒಂದು ಸಕರ್ಮಕ ಕ್ರಿಯಾಪದ. ಭೂಮಿಗೆ ಅಥವಾ ಬೆಳೆಗೆ ಮಾನವ ಪ್ರಯತ್ನದಿಂದ ನೀರನ್ನು ಒದಗಿಸುವುದು ಇದರ ಮುಖ್ಯ ಅರ್ಥ. ಗಾಯವನ್ನು ಅಥವಾ ದೇಹದ ಒಂದು ಭಾಗವನ್ನು ದ್ರವವನ್ನು ಹರಿಸಿ ತೊಳೆಯುವುದು ಎಂಬ ವೈದ್ಯಕೀಯ ಅರ್ಥವೂ ಇದಕ್ಕಿದೆ. ಲ್ಯಾಟಿನ್ ಭಾಷೆಯ ‘ಇರ್ರಿಗಾರೆ’ ಎಂಬ ಕ್ರಿಯಾಪದ ಇದರ ಮೂಲ. ಇದರಿಂದ ಬಂದ ‘ಇರಿಗೇಷನ್’ ಎಂಬ ನಾಮಪದವು ಕನ್ನಡದ ಆಡುಮಾತಿನಲ್ಲಿಯೂ ಬಳಕೆಯಲ್ಲಿದೆ. ಬರವಣಿಗೆಯಲ್ಲಿ ಮತ್ತು ಆಡಳಿತದಲ್ಲಿ ಅದಕ್ಕೆ ‘ನೀರಾವರಿ’ ಎಂಬ ಪದ ರೂಢಿಯಲ್ಲಿದೆ.

ನದಿಯ ಆಸರೆ ಇಲ್ಲದೆ ಕೆರೆಗಳನ್ನೇ ನಂಬಿದ್ದ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಈ ಪದಕ್ಕೆ ನಿಘಂಟಿನ ಅರ್ಥವನ್ನು ಮೀರಿದ ಮಹತ್ವವಿದೆ. ಒಂದು ಕೆರೆಯ ಅಥವಾ ಒಂದು ಯೋಜನೆಯ ನೀರು ‘ನೀರಾವರಿ’ಗೆ ಸೇರಿದ್ದೇ, ‘ಕುಡಿಯುವ ನೀರಿಗೆ’ ಸೇರಿದ್ದೇ ಅಥವಾ ‘ಅಂತರ್ಜಲ ಮರುಪೂರಣಕ್ಕೆ’ ಸೇರಿದ್ದೇ ಎಂಬುದರ ಮೇಲೆ ಆ ನೀರನ್ನು ಯಾರು, ಹೇಗೆ ಬಳಸಬಹುದು ಎಂಬುದು ಇಲ್ಲಿ ನಿರ್ಧಾರವಾಗುತ್ತದೆ.

ಉಚ್ಚಾರಣೆ ಮತ್ತು ರೂಪಗಳು

ಇಂಗ್ಲಿಷ್ ಬರವಣಿಗೆಯಲ್ಲಿ ಈ ಪದದಲ್ಲಿ ‘ಆರ್’ ಅಕ್ಷರವು ಎರಡು ಬಾರಿ ಬರುತ್ತದೆಯಾದರೂ ಉಚ್ಚಾರಣೆಯಲ್ಲಿ ಒಂದೇ ರೇಫ ಕೇಳಿಸುತ್ತದೆ. ಒತ್ತು ಮೊದಲನೆಯ ಅಕ್ಷರದ ಮೇಲೆ ಬೀಳುತ್ತದೆ. ಇದರ ಮುಖ್ಯ ರೂಪಗಳು ಹೀಗಿವೆ:

ಇರಿಗೇಟ್: ಕ್ರಿಯಾಪದ. ನೀರು ಹಾಯಿಸು.
ಇರಿಗೇಟೆಡ್: ಭೂತಕಾಲದ ರೂಪ ಹಾಗೂ ವಿಶೇಷಣ. ನೀರಾವರಿಗೆ ಒಳಪಟ್ಟ.
ಇರಿಗೇಷನ್: ನಾಮಪದ. ನೀರಾವರಿ.
ಇರಿಗೇಟರ್: ನೀರು ಹಾಯಿಸುವ ವ್ಯಕ್ತಿ ಅಥವಾ ಸಾಧನ.
ಇರಿಗಬಲ್: ವಿಶೇಷಣ. ನೀರು ಹಾಯಿಸಲು ಸಾಧ್ಯವಿರುವ.

‘ಇರಿಟೇಟ್’ (ಕೆರಳಿಸು) ಎಂಬ ಕ್ರಿಯಾಪದವು ಕಿವಿಗೆ ಇದರಂತೆಯೇ ಕೇಳಿಸುವುದರಿಂದ ವಿದ್ಯಾರ್ಥಿಗಳು ಎರಡನ್ನೂ ಅದಲು ಬದಲು ಮಾಡುವುದುಂಟು. ಅದು ಲ್ಯಾಟಿನ್ನಿನ ‘ಇರ್ರಿಟಾರೆ’ ಎಂಬ ಬೇರೆ ಕ್ರಿಯಾಪದದಿಂದ ಬಂದಿದೆ.

ವ್ಯುತ್ಪತ್ತಿ

ಲ್ಯಾಟಿನ್ನಿನ ‘ಇರ್ರಿಗಾರೆ’ ಎರಡು ಭಾಗಗಳಿಂದ ಕೂಡಿದೆ. ಮೊದಲನೆಯದು ‘ಒಳಕ್ಕೆ, ಮೇಲಕ್ಕೆ’ ಎಂಬ ಅರ್ಥವುಳ್ಳ ‘ಇನ್’ ಎಂಬ ಉಪಸರ್ಗ. ಎರಡನೆಯದು ‘ತೇವಗೊಳಿಸು, ನೀರುಣಿಸು’ ಎಂಬ ಅರ್ಥವುಳ್ಳ ‘ರಿಗಾರೆ’ ಎಂಬ ಕ್ರಿಯಾಪದ. ರೇಫದಿಂದ ಆರಂಭವಾಗುವ ಪದದ ಹಿಂದೆ ಬಂದಾಗ ‘ಇನ್’ ಎಂಬುದರ ನಕಾರವು ರೇಫವಾಗಿ ಬದಲಾಗುತ್ತದೆ. ಇಂಗ್ಲಿಷ್ ಬರವಣಿಗೆಯಲ್ಲಿ ಕಾಣುವ ಎರಡು ‘ಆರ್’ಗಳಿಗೆ ಇದೇ ಕಾರಣ. ‘ಇರೇಡಿಯೇಟ್’ (ಬೆಳಕು ಅಥವಾ ವಿಕಿರಣ ಹಾಯಿಸು) ಎಂಬ ಪದದಲ್ಲಿಯೂ ಇದೇ ಬದಲಾವಣೆ ನಡೆದಿದೆ. ‘ಇರ್ರೆಗ್ಯುಲರ್’ ಎಂಬ ಪದದಲ್ಲಿರುವ ‘ಇನ್’ ನಿಷೇಧಾರ್ಥದ ಬೇರೊಂದು ಉಪಸರ್ಗ.

‘ರಿಗಾರೆ’ ಎಂಬುದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದಕ್ಕೂ ಇಂಗ್ಲಿಷಿನ ‘ರೇನ್’ (ಮಳೆ) ಎಂಬ ಪದಕ್ಕೂ ಸಂಬಂಧವಿದೆ ಎಂಬ ಊಹೆ ಹಿಂದಿನಿಂದ ಇದ್ದರೂ ಅದು ಸಿದ್ಧವಾದ ಸಂಗತಿಯಲ್ಲ.

ಲ್ಯಾಟಿನ್ ಕ್ರಿಯಾಪದದ ಭೂತಕೃದಂತ ರೂಪ ‘ಇರ್ರಿಗಾತುಸ್’. ಇಂಗ್ಲಿಷಿಗೆ ಬಂದದ್ದು ಈ ರೂಪ. ‘ನ್ಯಾವಿಗೇಟ್’, ‘ಕ್ರಿಯೇಟ್’ ಮೊದಲಾದ, ‘ಏಟ್’ ಎಂಬ ಧ್ವನಿಯಿಂದ ಮುಗಿಯುವ ಅನೇಕ ಇಂಗ್ಲಿಷ್ ಕ್ರಿಯಾಪದಗಳು ಹೀಗೆಯೇ ಲ್ಯಾಟಿನ್ ಕೃದಂತಗಳಿಂದ ರೂಪುಗೊಂಡಿವೆ. ಇಂಗ್ಲಿಷಿನಲ್ಲಿ ಇದು ಮೊದಲು ‘ನೀರುಂಡ, ತೇವವಾದ’ ಎಂಬ ಅರ್ಥದ ವಿಶೇಷಣವಾಗಿ ಕಾಣಿಸಿಕೊಂಡಿತು. ಕ್ರಿಯಾಪದವಾಗಿ ಇದರ ಬಳಕೆ 17ನೆಯ ಶತಮಾನದ ಆರಂಭದಿಂದ ಕಂಡುಬರುತ್ತದೆ.

ಲ್ಯಾಟಿನ್ನಿನಲ್ಲಿ ಬಳಕೆ

ಪ್ರಾಚೀನ ರೋಮನರ ಕೃಷಿ ಗ್ರಂಥಗಳಲ್ಲಿ ಈ ಪದಕುಟುಂಬವು ಕಾಣಸಿಗುತ್ತದೆ. ಕ್ರಿಸ್ತಪೂರ್ವ 2ನೆಯ ಶತಮಾನದ ಕೇಟೋ ತನ್ನ ಕೃಷಿ ಗ್ರಂಥದಲ್ಲಿ ಜಮೀನುಗಳನ್ನು ಅವುಗಳ ಬೆಲೆಗೆ ತಕ್ಕಂತೆ ಸಾಲಾಗಿ ಹೇಳುವಾಗ ದ್ರಾಕ್ಷಿತೋಟಕ್ಕೆ ಮೊದಲ ಸ್ಥಾನವನ್ನೂ ನೀರು ಹಾಯುವ ತೋಟಕ್ಕೆ ಎರಡನೆಯ ಸ್ಥಾನವನ್ನೂ ಕೊಟ್ಟಿದ್ದಾನೆ. ‘ನೀರು ಹಾಯುವ’ ಎಂಬುದಕ್ಕೆ ಅವನು ಬಳಸಿದ ವಿಶೇಷಣ ‘ಇರ್ರಿಗುಯುಸ್’.

ಕಾವ್ಯದಲ್ಲಿ ಇದಕ್ಕೆ ಲಾಕ್ಷಣಿಕ ಅರ್ಥವೂ ಇತ್ತು. ವರ್ಜಿಲ್ ಕವಿಯ ‘ಈನಿಯಡ್’ ಮಹಾಕಾವ್ಯದ ಮೊದಲ ಸರ್ಗದಲ್ಲಿ ವೀನಸ್ ದೇವತೆಯು ಬಾಲಕನ ಅಂಗಾಂಗಗಳಲ್ಲಿ ನಿದ್ರೆಯನ್ನು ಹರಿಸುವ ಸಂದರ್ಭಕ್ಕೆ ಇದೇ ಕ್ರಿಯಾಪದ ಬಳಕೆಯಾಗಿದೆ. ಇಂಗ್ಲಿಷಿನಲ್ಲಿ 1667ರಲ್ಲಿ ಪ್ರಕಟವಾದ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ನೀರು ಹರಿಯುವ ಕಣಿವೆಯನ್ನು ವರ್ಣಿಸಲು ‘ಇರಿಗ್ಯುಅಸ್’ ಎಂಬ ವಿಶೇಷಣ ಬಂದಿದೆ. ಇಂದು ಆ ವಿಶೇಷಣದ ಬಳಕೆ ವಿರಳ.

ಸೋದರ ಪದಗಳು

ಲ್ಯಾಟಿನ್ನಿನಿಂದ ಬೆಳೆದ ಭಾಷೆಗಳಲ್ಲಿ ಈ ಪದವು ಇಂದಿಗೂ ಜೀವಂತವಾಗಿದೆ. ಇಟಾಲಿಯನ್ ಭಾಷೆಯಲ್ಲಿ ಅದು ‘ಇರ್ರಿಗಾರೆ’ ಎಂದೇ ಉಳಿದಿದೆ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳ ‘ರೆಗಾರ್’ ಎಂಬ ಕ್ರಿಯಾಪದವು ಉಪಸರ್ಗವಿಲ್ಲದ ‘ರಿಗಾರೆ’ಯಿಂದ ಬಂದಿದೆ. ಗಿಡಕ್ಕೆ ನೀರೆರೆಯುವುದಕ್ಕೂ ಹೊಲಕ್ಕೆ ನೀರು ಹಾಯಿಸುವುದಕ್ಕೂ ಅಲ್ಲಿ ಒಂದೇ ಪದ.

ನೀರನ್ನು ಹರಿಸುವ ಕೆಲಸದಿಂದ ಹುಟ್ಟಿ ಬೇರೆ ಅರ್ಥ ಪಡೆದ ಲ್ಯಾಟಿನ್ ಮೂಲದ ಇನ್ನೆರಡು ಪದಗಳು ಇಂಗ್ಲಿಷಿನಲ್ಲಿವೆ. ಇವು ‘ರಿಗಾರೆ’ಯಿಂದಲ್ಲ, ‘ತೊರೆ, ಕಾಲುವೆ’ ಎಂಬ ಅರ್ಥದ ‘ರೀವುಸ್’ ಎಂಬ ಪದದಿಂದ ಬಂದವು.

ಡಿರೈವ್: ‘ಪಡೆ, ನಿಷ್ಪನ್ನಗೊಳಿಸು’ ಎಂದು ಇಂದಿನ ಅರ್ಥ. ಲ್ಯಾಟಿನ್ನಿನ ‘ಡೆರಿವಾರೆ’ ಎಂದರೆ ತೊರೆಯಿಂದ ನೀರನ್ನು ಬೇರೆಡೆಗೆ ತಿರುಗಿಸಿಕೊಳ್ಳುವುದು. ಒಂದು ಪದ ಇನ್ನೊಂದರಿಂದ ‘ಡಿರೈವ್’ ಆಗಿದೆ ಎಂದು ಹೇಳುವಾಗ ಅದರ ಹಿಂದೆ ಕಾಲುವೆ ತೆಗೆಯುವ ಚಿತ್ರವಿದೆ.
ರೈವಲ್: ‘ಪ್ರತಿಸ್ಪರ್ಧಿ’ ಎಂದು ಇಂದಿನ ಅರ್ಥ. ಲ್ಯಾಟಿನ್ನಿನ ‘ರಿವಾಲಿಸ್’ ಎಂದರೆ ಒಂದೇ ತೊರೆಯ ನೀರನ್ನು ಹಂಚಿಕೊಳ್ಳುವವನು. ನೀರಿನ ಪಾಲುದಾರನೇ ಕಾಲಕ್ರಮದಲ್ಲಿ ಎದುರಾಳಿಯಾದನು.

‘ರಿವರ್’ (ನದಿ) ಎಂಬ ಪದವು ಇವುಗಳ ಸಂಬಂಧಿಯಂತೆ ತೋರುತ್ತದೆಯಾದರೂ ಅದು ‘ದಡ’ ಎಂಬ ಅರ್ಥದ ‘ರೀಪಾ’ ಎಂಬ ಲ್ಯಾಟಿನ್ ಪದದಿಂದ ಬಂದಿದೆ.

ಅರ್ಥಗಳು

ಕೃಷಿಯಲ್ಲಿ: ಮಳೆಯ ನೀರು ನೇರವಾಗಿ ಬೀಳುವುದನ್ನು ಈ ಕ್ರಿಯಾಪದದಿಂದ ಹೇಳುವುದಿಲ್ಲ. ಕೆರೆ, ಕಾಲುವೆ, ಬಾವಿ, ಕೊಳವೆಬಾವಿ ಮೊದಲಾದವುಗಳಿಂದ ನೀರನ್ನು ಬೆಳೆಯ ಬುಡಕ್ಕೆ ತಲುಪಿಸಿದಾಗ ಮಾತ್ರ ಇದು ಸಲ್ಲುತ್ತದೆ. ಕಾಲುವೆಯಿಂದ ಹರಿಸುವುದು, ತುಂತುರಾಗಿ ಚಿಮುಕಿಸುವುದು, ಕೊಳವೆಯ ಮೂಲಕ ಹನಿಹನಿಯಾಗಿ ಬಿಡುವುದು ಮೂರೂ ಇದರಲ್ಲಿ ಅಡಕವಾಗಿವೆ.

ವೈದ್ಯಕೀಯದಲ್ಲಿ: ಗಾಯ, ಕಣ್ಣು, ಕಿವಿ, ಹಲ್ಲಿನ ಬೇರುನಾಳ ಮೊದಲಾದವುಗಳನ್ನು ಶುದ್ಧ ನೀರು, ಲವಣಜಲ ಅಥವಾ ಔಷಧದ ದ್ರವ ಹರಿಸಿ ತೊಳೆಯುವುದು. ಇಲ್ಲಿ ‘ನೀರಾವರಿ’ ಎಂದು ಅನುವಾದಿಸುವುದು ತಪ್ಪಾಗುತ್ತದೆ. ‘ತೊಳೆ’ ಎಂಬ ಸರಳ ಪದವೇ ಸರಿಯಾದುದು.

ಲಾಕ್ಷಣಿಕವಾಗಿ: ಚೈತನ್ಯ ತುಂಬು, ಪೋಷಿಸು. ಕನ್ನಡದಲ್ಲಿ ‘ನೀರೆರೆದು ಬೆಳೆಸು’ ಎಂಬ ಮಾತು ಇದಕ್ಕೆ ಹತ್ತಿರವಾಗಿದೆ.

ಕನ್ನಡದಲ್ಲಿ ಸಮಾನ ಪದಗಳು

ಕನ್ನಡದಲ್ಲಿ ‘ಇರಿಗೇಟ್’ ಎಂಬುದಕ್ಕೆ ಒಂದೇ ಪದವಿಲ್ಲ. ಕೆಲಸದ ಬಗೆಗೆ ತಕ್ಕಂತೆ ಬೇರೆ ಬೇರೆ ಕ್ರಿಯಾಪದಗಳಿವೆ.

ನೀರು ಹಾಯಿಸು: ‘ಹಾಯ್’ (ದಾಟಿ ಹೋಗು) ಎಂಬುದರ ಪ್ರೇರಣಾರ್ಥಕ ರೂಪ. ನೀರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಡೆಸುವುದಕ್ಕೆ ಒತ್ತು ಇರುವುದರಿಂದ ಇದು ಲ್ಯಾಟಿನ್ ಪದದ ಅರ್ಥಕ್ಕೆ ಬಹಳ ಸಮೀಪವಾಗಿದೆ.
ನೀರು ಕಟ್ಟು: ರೈತರ ಆಡುಮಾತಿನ ರೂಪ. ಕಾಲುವೆಯ ಒಂದು ಬಾಯಿಗೆ ಮಣ್ಣು ಹಾಕಿ ಮುಚ್ಚಿ, ಇನ್ನೊಂದನ್ನು ತೆರೆದು, ಪಾತಿಯಿಂದ ಪಾತಿಗೆ ನೀರು ತಿರುಗಿಸುವ ಕೆಲಸಕ್ಕೆ ಹೀಗೆನ್ನುತ್ತಾರೆ.
ನೀರುಣಿಸು: ‘ಉಣ್ಣು’ ಎಂಬುದರ ಪ್ರೇರಣಾರ್ಥಕ ರೂಪ. ಭೂಮಿಗೂ ಬೆಳೆಗೂ ನೀರು ಆಹಾರ ಎಂಬ ಭಾವ ಇದರಲ್ಲಿದೆ.
ನೀರೆರೆ: ಗಿಡಮರಗಳ ಬುಡಕ್ಕೆ ನೀರು ಸುರಿಯುವುದು.
ನೀರು ಬಿಡು: ಕೆರೆಯ ತೂಬನ್ನು ಅಥವಾ ಕಾಲುವೆಯ ಬಾಗಿಲನ್ನು ತೆರೆಯುವುದು.

ಸಂಸ್ಕೃತದ ‘ಸಿಚ್’ ಧಾತುವಿನಿಂದ ಬಂದ ‘ಸಿಂಚನ’ ಎಂಬುದು ಮೂಲತಃ ಚಿಮುಕಿಸುವುದನ್ನು ಹೇಳುತ್ತದೆ. ಹಿಂದಿಯ ‘ಸಿಂಚಾಯಿ’ ಅದೇ ಮೂಲದ್ದು. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ‘ಪ್ರಧಾನ ಮಂತ್ರಿ ಕೃಷಿ ಸಿಂಚಾಯಿ ಯೋಜನೆ’ಯ ಹೆಸರಿನ ಮೂಲಕ ಆ ಪದವು ಕನ್ನಡ ಓದುಗರಿಗೂ ಪರಿಚಿತವಾಗಿದೆ. ಕೋಲಾರ ಜಿಲ್ಲೆಯಲ್ಲಿ ಕನ್ನಡದ ಜೊತೆಗೆ ವ್ಯಾಪಕವಾಗಿ ಆಡುವ ತೆಲುಗಿನಲ್ಲಿ ನೀರಾವರಿಗೆ ‘ನೀಟಿಪಾರುದಲ’ ಎನ್ನುತ್ತಾರೆ. ಅದರಲ್ಲಿಯೂ ನೀರು ಹರಿಯುವುದೇ ಮುಖ್ಯ ಕಲ್ಪನೆ.

ಕಂದಾಯ ಇಲಾಖೆಯ ದಾಖಲೆಗಳಲ್ಲಿ ಜಮೀನನ್ನು ತರಿ, ಖುಷ್ಕಿ, ಬಾಗಾಯ್ತು ಎಂದು ವಿಂಗಡಿಸಲಾಗುತ್ತದೆ. ಮೂರೂ ಪರ್ಷಿಯನ್ ಮೂಲದ ಪದಗಳು. ‘ತರಿ’ ಎಂದರೆ ತೇವ, ಅಂದರೆ ನೀರಾವರಿ ಜಮೀನು. ‘ಖುಷ್ಕಿ’ ಎಂದರೆ ಒಣ, ಅಂದರೆ ಮಳೆಯಾಶ್ರಿತ ಜಮೀನು. ‘ಬಾಗಾಯ್ತು’ ಎಂದರೆ ತೋಟ. ‘ತೇವಗೊಳಿಸು’ ಎಂಬ ಅರ್ಥದ ಲ್ಯಾಟಿನ್ ‘ರಿಗಾರೆ’ಯ ಭಾವವನ್ನು ನೇರವಾಗಿ ಹೋಲುವ ಪದ ಈ ‘ತರಿ’.

ಮಳೆಯನ್ನು ನಂಬಿದ ನಾಡನ್ನು ‘ದೇವಮಾತೃಕ’ ಎಂದೂ ನದಿಯ ನೀರಿನಿಂದ ಬೆಳೆಯುವ ನಾಡನ್ನು ‘ನದೀಮಾತೃಕ’ ಎಂದೂ ಸಂಸ್ಕೃತದಲ್ಲಿ ಕರೆಯುತ್ತಾರೆ. ಕೋಲಾರ ಸೀಮೆಯು ಪೂರ್ಣವಾಗಿ ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಮಳೆಯ ನೀರನ್ನು ಕೆರೆಯಲ್ಲಿ ಹಿಡಿದಿಟ್ಟು, ಮಳೆ ನಿಂತ ಬಳಿಕ ಗದ್ದೆಗೆ ಹಾಯಿಸುವುದು ಇಲ್ಲಿನ ಪದ್ಧತಿ.

ಕೋಲಾರ ಸೀಮೆಯ ಕೆರೆ ನೀರಾವರಿ

ಕೋಲಾರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 750 ಮಿಲಿಮೀಟರ್. ವರ್ಷವಿಡೀ ಹರಿಯುವ ನದಿ ಇಲ್ಲಿ ಇಲ್ಲ. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿ ನದಿಗಳು ಈ ಭಾಗದಲ್ಲಿ ಹಾದು ತಮಿಳುನಾಡನ್ನು ಸೇರುತ್ತವೆಯಾದರೂ ಮಳೆಗಾಲದ ಹೊರತು ಅವುಗಳಲ್ಲಿ ನೀರಿರುವುದಿಲ್ಲ. ಈ ಕಾರಣದಿಂದ ಶತಮಾನಗಳ ಅವಧಿಯಲ್ಲಿ ಪ್ರತಿ ಹಳ್ಳದ ಉದ್ದಕ್ಕೂ ಸಾಲುಸಾಲಾಗಿ ಕೆರೆಗಳು ನಿರ್ಮಾಣವಾದವು. ಈಗಿನ ಕೋಲಾರ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಮಾಲೂರು ತಾಲ್ಲೂಕಿನ ಕಸಬಾ, ಟೇಕಲ್, ಲಕ್ಕೂರು ಮತ್ತು ಮಾಸ್ತಿ ಹೋಬಳಿಗಳಲ್ಲಿಯೂ ಕೆರೆಗಳಿವೆ. ಪಾಲಾರ್ ಹರಿವಿನ ಮೇಲೆ ಬೇತಮಂಗಲ ಮತ್ತು ರಾಮಸಾಗರದಂತಹ ದೊಡ್ಡ ಕೆರೆಗಳಿವೆ.

ಕೆರೆಯ ಅಂಗಗಳಿಗೆ ಖಚಿತವಾದ ಕನ್ನಡ ಹೆಸರುಗಳಿವೆ. ನೀರನ್ನು ತಡೆಯುವ ಮಣ್ಣಿನ ಕಟ್ಟೆ ‘ಏರಿ’. ನೀರು ಬಿಡುವ ದ್ವಾರ ‘ತೂಬು’. ಹೆಚ್ಚಾದ ನೀರು ಹೊರಹೋಗುವ ಸ್ಥಳ ‘ಕೋಡಿ’. ತೂಬಿನ ನೀರಿನಿಂದ ಬೆಳೆಯುವ ಜಮೀನು ‘ಅಚ್ಚುಕಟ್ಟು’. ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಸಾಗಿಸುವ ದೊಡ್ಡ ಹಳ್ಳ ‘ರಾಜಕಾಲುವೆ’. ಮೇಲಿನ ಕೆರೆ ಕೋಡಿ ಹರಿದ ಬಳಿಕ ಆ ನೀರು ಕೆಳಗಿನ ಕೆರೆಗೆ ಸೇರುತ್ತದೆ. ಆದುದರಿಂದ ಒಂದು ಕೆರೆಯ ರಾಜಕಾಲುವೆ ಒತ್ತುವರಿಯಾದರೆ ಕೆಳಗಿನ ಕೆರೆಗಳೂ ಬರಿದಾಗುತ್ತವೆ.

1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ ಅವರು ಮೈಸೂರು ಸೀಮೆಯ ಕೆರೆಗಳ ಬಗ್ಗೆ ಬರೆಯುತ್ತಾ, ಹೊಸ ಕೆರೆಗೆ ತಕ್ಕ ಜಾಗವನ್ನು ಹುಡುಕಲು ಬಹಳ ಜಾಣ್ಮೆ ಬೇಕಾಗುತ್ತದೆ ಎಂಬ ಅಭಿಪ್ರಾಯ ನೀಡಿದ್ದರು. ಹೊಸದಾಗಿ ಏನನ್ನು ಕಟ್ಟಿದರೂ ಅದು ಕೆಳಗಿರುವ ಇನ್ನೊಂದು ಕೆರೆಯ ನೀರನ್ನು ತಡೆಯುತ್ತದೆ ಎಂಬುದು ಅವರ ವಾದವಾಗಿತ್ತು.

ಶಾಸನಗಳಲ್ಲಿ

ಕೋಲಾರ ಜಿಲ್ಲೆಯ ಶಾಸನಗಳು ಬಿ. ಎಲ್. ರೈಸ್ ಅವರ ಸಂಪಾದಕತ್ವದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟವಾಗಿ 1905ರಲ್ಲಿ ಪ್ರಕಟವಾದವು. ಕೆರೆ ಕಟ್ಟಿದವರಿಗೆ ಅಥವಾ ಅದನ್ನು ದುರಸ್ತಿ ಮಾಡಿ ಉಳಿಸಿಕೊಂಡು ಬಂದವರಿಗೆ ಅಚ್ಚುಕಟ್ಟಿನ ಒಂದು ಭಾಗವನ್ನು ಕೊಡುವ ಪದ್ಧತಿ ಕರ್ನಾಟಕದ ಶಾಸನಗಳಲ್ಲಿ ಕಂಡುಬರುತ್ತದೆ. ಅಂತಹ ದತ್ತಿಗಳಿಗೆ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’, ‘ದಶವಂದ’ ಎಂಬ ಹೆಸರುಗಳಿವೆ. ನೀರು ಹಾಯಿಸುವ ಹಕ್ಕಿನ ಜೊತೆಗೆ ಕೆರೆಯನ್ನು ಕಾಯುವ ಹೊಣೆಯೂ ಇತ್ತು ಎಂಬುದನ್ನು ಈ ಪದಗಳು ತಿಳಿಸುತ್ತವೆ.

ನೀರಗಂಟಿ

‘ಇರಿಗೇಟರ್’ ಎಂಬ ಪದಕ್ಕೆ ಕೋಲಾರ ಸೀಮೆಯ ಅತ್ಯಂತ ಹತ್ತಿರದ ಸಮಾನ ಪದ ‘ನೀರಗಂಟಿ’. ಕೆರೆಯ ತೂಬನ್ನು ತೆರೆಯುವುದು ಮತ್ತು ಮುಚ್ಚುವುದು, ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ಬಿಡುವುದು, ಮಳೆಗಾಲದಲ್ಲಿ ಏರಿಯನ್ನು ಕಾಯುವುದು ನೀರಗಂಟಿಯ ಕೆಲಸಗಳು. ಕೆರೆ ಅರೆ ತುಂಬಿದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗದಲ್ಲಿ ಬೆಳೆ ಇಡಬಹುದು ಎಂಬ ತೀರ್ಮಾನಕ್ಕೂ ಅವರ ಅನುಭವವೇ ಆಧಾರವಾಗಿತ್ತು. ಸುಗ್ಗಿಯಲ್ಲಿ ಪ್ರತಿ ರೈತನು ಕೊಡುತ್ತಿದ್ದ ಧಾನ್ಯವೇ ಅವರ ಸಂಬಳ. ಈ ಕೆಲಸವು ವಂಶಪಾರಂಪರ್ಯವಾಗಿದ್ದು, ಬಹುಮಟ್ಟಿಗೆ ದಲಿತ ಕುಟುಂಬಗಳಿಗೆ ಸೇರಿತ್ತು.

ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆ 1961ರಲ್ಲಿ ರೂಪುಗೊಂಡಿತು. ಹಳ್ಳಿಯ ಹುದ್ದೆಗಳಿಗೆ ಅಂಟಿಕೊಂಡಿದ್ದ ಜಾತಿಯ ಕಟ್ಟಳೆಯನ್ನು ಸಡಿಲಿಸುವ ದೃಷ್ಟಿಯಿಂದ ಅದು ಮಹತ್ವದ ಸುಧಾರಣೆಯಾಗಿತ್ತು. ಆದರೆ ತೂಬು ತೆರೆಯುವ ಮತ್ತು ನೀರು ಹಂಚುವ ಕೆಲಸಕ್ಕೆ ಪ್ರತಿ ಕೆರೆಯಲ್ಲಿಯೂ ಬದಲಿ ವ್ಯವಸ್ಥೆ ರೂಪುಗೊಳ್ಳಲಿಲ್ಲ. ಕೆಲವು ಹಳ್ಳಿಗಳಲ್ಲಿ ನೀರಗಂಟಿಗಳು ರೂಢಿಯ ಬಲದಿಂದ ಮುಂದುವರಿದರು. ಕೆರೆಗಳು ಬತ್ತಿದ ಕಡೆ ಆ ಕೆಲಸವೇ ಇಲ್ಲವಾಯಿತು.

ಆಡಳಿತದಲ್ಲಿ ‘ಇರಿಗೇಷನ್’

ಬ್ರಿಟಿಷ್ ಆಡಳಿತದ ಅವಧಿಯಲ್ಲಿ ‘ಇರಿಗೇಷನ್’ ಎಂಬುದು ಇಂಜಿನಿಯರಿಂಗ್ ಮತ್ತು ಕಂದಾಯದ ಪಾರಿಭಾಷಿಕ ಪದವಾಯಿತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಜನಿಸಿದ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದಲ್ಲಿ ಇಂಜಿನಿಯರ್ ಆಗಿದ್ದಾಗ ನೀರಾ ಕಾಲುವೆಯ ಪ್ರದೇಶದಲ್ಲಿ ‘ಬ್ಲಾಕ್ ಪದ್ಧತಿ’ಯ ನೀರಾವರಿಯನ್ನು ರೂಪಿಸಿದರು. ಇರುವ ನೀರನ್ನು ಹೆಚ್ಚು ಹಳ್ಳಿಗಳಿಗೆ ಕ್ರಮವಾಗಿ ಹಂಚುವುದು ಅದರ ಉದ್ದೇಶವಾಗಿತ್ತು.

ಸ್ವಾತಂತ್ರ್ಯಾನಂತರ ಭಾರತದಲ್ಲಿ ನೀರಾವರಿ ಕಾಮಗಾರಿಗಳನ್ನು ಅಚ್ಚುಕಟ್ಟಿನ ವಿಸ್ತೀರ್ಣದ ಆಧಾರದ ಮೇಲೆ ವರ್ಗೀಕರಿಸಲಾಯಿತು. 10,000 ಹೆಕ್ಟೇರಿಗಿಂತ ಹೆಚ್ಚು ಇದ್ದರೆ ಭಾರಿ, 2,000ದಿಂದ 10,000 ಹೆಕ್ಟೇರ್ ಇದ್ದರೆ ಮಧ್ಯಮ, 2,000 ಹೆಕ್ಟೇರ್ ವರೆಗೆ ಇದ್ದರೆ ಸಣ್ಣ ನೀರಾವರಿ. ಈ ಲೆಕ್ಕದಲ್ಲಿ ಕೋಲಾರದ ಕೆರೆಗಳು ‘ಸಣ್ಣ ನೀರಾವರಿ’ಯ ಅಡಿಯಲ್ಲಿ ಬರುತ್ತವೆ. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ ಅದಕ್ಕಿಂತ ಚಿಕ್ಕವು ಪಂಚಾಯತಿ ಸಂಸ್ಥೆಗಳಿಗೂ ಸೇರಿವೆ. ಒಂದೇ ಹಳ್ಳದ ಮೇಲಿರುವ ಎರಡು ಕೆರೆಗಳು ಹೀಗೆ ಎರಡು ಬೇರೆ ಸಂಸ್ಥೆಗಳ ವಶದಲ್ಲಿರಬಹುದು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯಲ್ಲಿ ಕೋಲಾರ ಜಿಲ್ಲೆಯೂ ಸೇರಿತ್ತು. ಜಲ ಸಂವರ್ಧನೆ ಯೋಜನಾ ಸಂಘವು ಅದನ್ನು ಜಾರಿಗೊಳಿಸಿತು.

ಪದದ ವ್ಯಾಖ್ಯೆ ಮತ್ತು ನೀರಿನ ಹಕ್ಕು

1892ರ ಒಪ್ಪಂದ

ಮೈಸೂರು ಸಂಸ್ಥಾನ ಮತ್ತು ಮದರಾಸು ಪ್ರಾಂತ್ಯಗಳ ನಡುವೆ 1892ರ ಫೆಬ್ರುವರಿ 18ರಂದು ಏರ್ಪಟ್ಟ ಒಪ್ಪಂದವು ಮದರಾಸಿನ ಪೂರ್ವಾನುಮತಿ ಇಲ್ಲದೆ ಮೈಸೂರು ‘ಹೊಸ ನೀರಾವರಿ ಜಲಾಶಯ’ಗಳನ್ನು ಕಟ್ಟಬಾರದ ಎಲ್ಲೆಗಳನ್ನು ಗೊತ್ತುಪಡಿಸಿತು. ಅದರ ಪಟ್ಟಿಯಲ್ಲಿ ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಯೂ ಸೇರಿದ್ದವು. ಹಿಂದೆ ಇಲ್ಲದ ಕೆರೆ ಮಾತ್ರವಲ್ಲದೆ, ಹಿಂದೆ ಇದ್ದು 30 ವರ್ಷಗಳಿಗಿಂತ ಹೆಚ್ಚು ಕಾಲ ಪಾಳುಬಿದ್ದು ಬಳಕೆ ತಪ್ಪಿದ ಕೆರೆಯೂ ಅದರ ವ್ಯಾಖ್ಯೆಯಂತೆ ‘ಹೊಸದು’. ಕೆರೆಯನ್ನು ಒಂದು ತಲೆಮಾರು ಕೈಬಿಟ್ಟರೆ ಅದರಿಂದ ನೀರು ಹಾಯಿಸುವ ಹಕ್ಕೂ ಪ್ರಶ್ನೆಗೆ ಒಳಗಾಗುವಂತೆ ಈ ವ್ಯಾಖ್ಯೆ ಮಾಡಿತು. ಒಂದೇ ತೊರೆಯ ಪಾಲುದಾರನು ಎದುರಾಳಿಯಾದ ‘ರೈವಲ್’ ಪದದ ಚರಿತ್ರೆಗೆ ಈ ಒಪ್ಪಂದ ತಕ್ಕ ನಿದರ್ಶನ.

ಯರಗೋಳ್ ಅಣೆಕಟ್ಟು

ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ, ದಕ್ಷಿಣ ಪಿನಾಕಿನಿಯ ಉಪನದಿಯಾದ ಮಾರ್ಕಂಡೇಯ ನದಿಗೆ ಕರ್ನಾಟಕವು ಅಣೆಕಟ್ಟನ್ನು ನಿರ್ಮಿಸಿತು. ಇದನ್ನು ಪ್ರಶ್ನಿಸಿ ತಮಿಳುನಾಡು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೋಲಾರ, ಬಂಗಾರಪೇಟೆ ಮತ್ತು ಮಾಲೂರು ಪಟ್ಟಣಗಳ ಕುಡಿಯುವ ನೀರಿಗಾಗಿ ಈ ಯೋಜನೆ ರೂಪಿಸಲಾಗಿದೆ ಎಂಬುದು ಕರ್ನಾಟಕದ ನಿಲುವು. 2019ರ ನವೆಂಬರ್‌ನಲ್ಲಿ ನ್ಯಾಯಾಲಯವು ತಮಿಳುನಾಡಿನ ಮಧ್ಯಂತರ ಅರ್ಜಿಯನ್ನು ವಜಾಗೊಳಿಸಿ, ನ್ಯಾಯಾಧಿಕರಣಕ್ಕಾಗಿ ಕೇಂದ್ರ ಸರ್ಕಾರವನ್ನು ಕೋರಬಹುದೆಂದು ತಿಳಿಸಿತು.

‘ಶಾಶ್ವತ ನೀರಾವರಿ’ ಬೇಡಿಕೆ

ಕೆರೆಗಳು ಬತ್ತಿದ ಬಳಿಕ ಕೋಲಾರದ ಕೃಷಿಯು ಕೊಳವೆಬಾವಿಗಳನ್ನು ಅವಲಂಬಿಸಿತು. ಟೊಮೆಟೊ, ತರಕಾರಿ, ಹಿಪ್ಪುನೇರಳೆ ಬೆಳೆಗಳು ಅದೇ ನೀರಿನಲ್ಲಿ ಬೆಳೆದವು. ಕೊಳವೆಬಾವಿಗಳ ಆಳವು ಅನೇಕ ಕಡೆ 1,000 ಅಡಿಯನ್ನು ಮೀರಿತು. ಕೇಂದ್ರ ಅಂತರ್ಜಲ ಮಂಡಳಿಯು ಜಿಲ್ಲೆಯ ತಾಲ್ಲೂಕುಗಳನ್ನು ಅಂತರ್ಜಲದ ಅತಿಬಳಕೆಯ ಪ್ರದೇಶಗಳೆಂದು ವರ್ಗೀಕರಿಸಿದೆ. ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶವೂ ಹೆಚ್ಚಾಗಿದೆ.

ಈ ಹಿನ್ನೆಲೆಯಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ನಡೆದ ಹೋರಾಟದ ಮುಖ್ಯ ಘೋಷಣೆ ‘ಶಾಶ್ವತ ನೀರಾವರಿ’. 2016ರ ಮಾರ್ಚ್‌ನಲ್ಲಿ ಈ ಭಾಗದ ರೈತರು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿನತ್ತ ಮೆರವಣಿಗೆ ಹೊರಟಿದ್ದರು. ಪಶ್ಚಿಮ ಘಟ್ಟದ ನೀರನ್ನು ಬಯಲುಸೀಮೆಗೆ ತರಲು ಸರ್ಕಾರ ಕೈಗೊಂಡಿರುವ ಎತ್ತಿನಹೊಳೆ ಯೋಜನೆಯ ಅಧಿಕೃತ ಹೆಸರಿನಲ್ಲಿ ‘ಕುಡಿಯುವ ನೀರು’ ಎಂಬ ಮಾತಿದೆ, ‘ನೀರಾವರಿ’ ಎಂಬುದಿಲ್ಲ. ಹೋರಾಟದ ಘೋಷಣೆಗೂ ಯೋಜನೆಯ ಹೆಸರಿಗೂ ಇರುವ ಈ ಅಂತರವು ಈ ಭಾಗದ ಸಾರ್ವಜನಿಕ ಚರ್ಚೆಯ ವಸ್ತುವಾಗಿದೆ.

ಕೆ.ಸಿ. ವ್ಯಾಲಿ ಯೋಜನೆ

ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ತ್ಯಾಜ್ಯನೀರನ್ನು ಎರಡನೆಯ ಹಂತದ ವರೆಗೆ ಸಂಸ್ಕರಿಸಿ, ಕೊಳವೆಮಾರ್ಗದಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವುದು ಕೆ.ಸಿ. ವ್ಯಾಲಿ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸುವ ಗುರಿ ಇದಕ್ಕಿತ್ತು. 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಿತು. ಮರುತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡಿತು. ನೀರಿನ ಗುಣಮಟ್ಟ ಮತ್ತು ಮೂರನೆಯ ಹಂತದ ಸಂಸ್ಕರಣೆಯ ಪ್ರಶ್ನೆ ಹೈಕೋರ್ಟಿನಲ್ಲಿಯೂ ಸುಪ್ರೀಂ ಕೋರ್ಟಿನಲ್ಲಿಯೂ ವಿಚಾರಣೆಗೆ ಬಂದಿತು. ಯೋಜನೆಗೆ ಕೆಲಕಾಲ ಬಿದ್ದಿದ್ದ ತಡೆಯು 2019ರಲ್ಲಿ ತೆರವಾಯಿತು.

ಯೋಜನೆಯ ಘೋಷಿತ ಉದ್ದೇಶ ಅಂತರ್ಜಲ ಮರುಪೂರಣ. ಕೆರೆಯಿಂದ ನೇರವಾಗಿ ಪಂಪ್ ಮೂಲಕ ನೀರೆತ್ತಿ ಹೊಲಕ್ಕೆ ಹಾಯಿಸಲು ಇದರಲ್ಲಿ ಅವಕಾಶವಿಲ್ಲ. ನೀರು ಕೆರೆಯ ತಳದಿಂದ ಇಂಗಿ, ಮಣ್ಣಿನ ಮತ್ತು ಬಂಡೆಯ ಪದರಗಳನ್ನು ದಾಟಿ ಕೊಳವೆಬಾವಿಗೆ ಬಂದ ಮೇಲೆ ಅದನ್ನು ಬಳಸಿಕೊಳ್ಳಬಹುದು. ಹೀಗಾಗಿ ಶತಮಾನಗಳಿಂದ ತೂಬಿನ ಮೂಲಕ ಅಚ್ಚುಕಟ್ಟಿಗೆ ನೀರು ಹಾಯಿಸುತ್ತಿದ್ದ ಕೆರೆಗಳು ಈ ಯೋಜನೆಯಲ್ಲಿ ಇಂಗುಕೆರೆಗಳಾಗಿ ಪರಿವರ್ತನೆ ಹೊಂದಿವೆ.

ಸಮೀಪದ ಪದಗಳೊಡನೆ ವ್ಯತ್ಯಾಸ

ಪರೀಕ್ಷೆಗಳಲ್ಲಿ ಮತ್ತು ಅನುವಾದದಲ್ಲಿ ‘ಇರಿಗೇಟ್’ ಜೊತೆಗೆ ಬೆರೆತುಹೋಗುವ ಕೆಲವು ಕ್ರಿಯಾಪದಗಳು ಹೀಗಿವೆ:

ಪರ್ಕೊಲೇಟ್: ಇಂಗು, ಸೋಸಿ ಇಳಿ. ಲ್ಯಾಟಿನ್ನಿನ ‘ಪೆರ್ಕೊಲಾರೆ’ಯಿಂದ ಬಂದಿದೆ. ‘ಪೆರ್’ ಎಂದರೆ ಮೂಲಕ, ‘ಕೊಲಾರೆ’ ಎಂದರೆ ಸೋಸು. ಕೋಲಾರ ಎಂಬ ಊರಿನ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.
ರೀಚಾರ್ಜ್: ಮರುಪೂರಣ ಮಾಡು. ಅಂತರ್ಜಲಕ್ಕೆ ನೀರು ಸೇರಿಸುವುದು.
ಇನಂಡೇಟ್: ಮುಳುಗಿಸು. ‘ಅಲೆ’ ಎಂಬ ಅರ್ಥದ ‘ಉಂಡಾ’ ಎಂಬ ಲ್ಯಾಟಿನ್ ಪದದಿಂದ ಬಂದಿದೆ. ನೆರೆಯಿಂದ ಹೊಲ ಮುಳುಗಿದರೆ ಅದು ‘ಇರಿಗೇಟ್’ ಆಗುವುದಿಲ್ಲ.
ವಾಟರ್: ನೀರು ಹಾಕು. ಲ್ಯಾಟಿನ್ ಮೂಲದ್ದಲ್ಲ, ಇಂಗ್ಲಿಷಿನ ದೇಶ್ಯ ಪದ. ಕುಂಡದ ಗಿಡಕ್ಕೆ ನೀರು ಹಾಕುವುದಕ್ಕೆ ಸಾಮಾನ್ಯವಾಗಿ ಇದನ್ನೇ ಬಳಸುತ್ತಾರೆ. ‘ಇರಿಗೇಟ್’ ಎಂದಾಗ ಜಮೀನು ಮತ್ತು ನೀರಿನ ಏರ್ಪಾಡು ಎರಡೂ ಮನಸ್ಸಿಗೆ ಬರುತ್ತವೆ.

ಕನ್ನಡಕ್ಕೆ ಅನುವಾದಿಸುವಾಗ ನಾಮಪದಕ್ಕೆ ‘ನೀರಾವರಿ’, ಕ್ರಿಯಾಪದಕ್ಕೆ ‘ನೀರು ಹಾಯಿಸು’, ಹನಿ ಪದ್ಧತಿಗೆ ‘ಹನಿ ನೀರಾವರಿ’, ಚಿಮುಕಿಸುವ ಪದ್ಧತಿಗೆ ‘ತುಂತುರು ನೀರಾವರಿ’ ಎಂಬ ರೂಪಗಳು ರೂಢಿಯಲ್ಲಿವೆ.

ಇವನ್ನೂ ನೋಡಿ

ನೀರಾವರಿ
ಕೆರೆ
ಕೋಲಾರ ಜಿಲ್ಲೆ
ಮಾಲೂರು
ಪಾಲಾರ್ ನದಿ
ದಕ್ಷಿಣ ಪಿನಾಕಿನಿ
ಅಂತರ್ಜಲ
ಎತ್ತಿನಹೊಳೆ ಯೋಜನೆ
ಲ್ಯಾಟಿನ್ ಭಾಷೆ